ಸಾವಿನ ಮನೆಗೆ ಬಿಲ್ಲಿಗೆ ಹೋಗದ ಹುಸೇನ್

ಹುಸೇನ್ ನನ್ನ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂರುವ ಮೊದಲು ಮಂಡಿ ಹಿಡಿದುಕೊಂಡು ‘ಯಾ ಅಲ್ಲಾ’ ಎನ್ನುತ್ತಾನೆ, ಕೂತ ಮೇಲೆ ಟೀ ಕೇಳುತ್ತಾನೆ. ಚನ್ನಪಟ್ಟಣದಲ್ಲಿ ನನ್ನದು ಬಲ್ಬು, ಸ್ವಿಚ್ಚು, ವೈರು ಮಾರುವ ಅಂಗಡಿ. ಪಕ್ಕದ ಕಿರುಕೋಣೆ ಅವನ ಕೇಬಲ್ ಆಫೀಸು. ಹಿಂದಿನ ಬೀದಿಗಳ ಮನೆಗಳಿಗೆ ಮೊದಲು ಕೇಬಲ್ ಟಿವಿ ಕೊಟ್ಟವನು ಅವನು, ಈಗ ಇಂಟರ್‌ನೆಟ್ ಕೊಡುತ್ತಿರುವವನೂ ಅವನೇ. ಕಂಬದಿಂದ ಮಹಡಿಗೆ, ಮಹಡಿಯಿಂದ ಮಹಡಿಗೆ ತಂತಿ ಎಳೆದೂ ಎಳೆದೂ ಮಂಡಿ ಸವೆದಿವೆ. ಡಾಕ್ಟರು ಏಣಿ ಹತ್ತಬೇಡಿ ಎಂದಿದ್ದಾರೆ. ಏಣಿ ಹತ್ತದಿದ್ದರೆ ಅನ್ನ ಎಲ್ಲಿಂದ ಬರಬೇಕು ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಅವನದೊಂದು ಪದ್ಧತಿಯಿತ್ತು. ಸಾವಾದ ಮನೆಗೆ ಬಿಲ್ಲಿಗೆ ಹೋಗುತ್ತಿರಲಿಲ್ಲ. ನಮ್ಮವರ ಮನೆಯಾದರೆ ತಿಥಿ ಮುಗಿಯಬೇಕು, ಅವನ ಕಡೆಯವರ ಮನೆಯಾದರೆ ನಲವತ್ತನೆಯ ದಿನದ ಫಾತಿಹಾ ಕಳೆಯಬೇಕು. ಮಣ್ಣಿಗೆ ಹೋಗಿ ಬರುತ್ತಿದ್ದ, ಆಮೇಲೆ ಆ ಮನೆಯ ಮುಂದೆ ಹಾಯದೆ ಸುತ್ತು ಬಳಸಿ ನಡೆಯುತ್ತಿದ್ದ.

"ನನ್ ಮುಖ ಕಂಡ್ರೆ ಜನಕ್ಕೆ ಬಿಲ್ಲೇ ನೆಪ್ಪಾಗೋದು ಕಣ್ಲಾ ಲಿಂಗಯ್ಯ. ಅಳೋರ ಮುಂದೆ ಹೋಗಿ ಈ ಮುಖ ತೋರಿಸ್ಲಾ?" ಎನ್ನುತ್ತಿದ್ದ.

ಇಂಥ ಮಾತು ಅವನಿಗೆ ಇಂಟರ್‌ನೆಟ್ ಕೊಡುವ ಮೇಲಿನ ಕಂಪನಿಗೆ ಅರ್ಥವಾಗುವಂಥದ್ದಲ್ಲ. ಅವರಿಗೆ ಗಿರಾಕಿಗಳೆಂದರೆ ಫೋನಿನಲ್ಲಿ ಕಾಣುವ ಬಣ್ಣಗಳು. ನೆಟ್ ಬಳಕೆ ಏರುತ್ತಿರುವ ಮನೆ ಹಸಿರು, ಅವರಿಗೆ ದೊಡ್ಡ ಪ್ಲಾನ್ ಒಪ್ಪಿಸಬೇಕು. ಇಳಿಯುತ್ತಿರುವ ಮನೆ ಕೆಂಪು, ಬಿಟ್ಟುಹೋಗುವ ಮೊದಲೇ ಹಿಡಿದುಕೊಳ್ಳಬೇಕು. ಹೋದ ವರ್ಷ ಊರಿಗೆ ಇನ್ನೊಂದು ಕಂಪನಿ ಬಂತು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ನಮ್ಮ ಬೀದಿಗಳಿಗೂ ಬಂತು, ಕೆಂಪು ಹೆಚ್ಚಿತು. ಬಿಟ್ಟುಹೋಗುವವರನ್ನು ಯುಗಾದಿಯೊಳಗೆ ತಡೆಯದಿದ್ದರೆ ಏರಿಯಾವನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಮೇಲಿನವರು ಹುಸೇನ್‌ಗೆ ಮುಖಕ್ಕೇ ಹೇಳಿದರು. ಆ ಏರಿಯಾ ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ.

ಆ ಬಣ್ಣಗಳನ್ನು ಓದುತ್ತಿದ್ದವಳು ಮಗಳು ಮಹೀನ್. ಬಿ.ಕಾಂ. ಮುಗಿಸಿ ಅಪ್ಪನ ಆಫೀಸಿನಲ್ಲೇ ಕೂತಳು. ಯಾವ ಮನೆಯವರು ಯಾವ ವಾರ ಎಷ್ಟು ಬಳಸಿದರು, ಯಾವಾಗ ದುಡ್ಡು ಕಟ್ಟಿದರು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದಳು. "ದುಡ್ಡು ನಿಲ್ಲೋದು ಕೊನೇಗೆ ಅಬ್ಬಾ. ಬಳಸೋದು ಮೊದ್ಲು ನಿಲ್ತದೆ. ದುಡ್ಡು ನಿಂತ್ಮೇಲೆ ಹೋದ್ರೆ ಬಾಗ್ಲು ಮುಚ್ಚಿರ್ತದೆ" ಎಂದು ಅವಳು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಗೊಂಬೆ ಮಾಡುವವರು ಗಿರಾಕಿಗಳಿಗೆ ವಿಡಿಯೊ ಕಳಿಸತೊಡಗಿದ್ದಾರೆಂದು ಮೊದಲು ಗೊತ್ತಾದದ್ದೂ ಅವಳಿಗೇ. ಅವರ ಮನೆಗಳಲ್ಲಿ ಬಳಕೆ ಏರಿದ್ದನ್ನು ನೋಡಿ, ಒಬ್ಬೊಬ್ಬರಿಗೇ ಫೋನು ಮಾಡಿ ದೊಡ್ಡ ಪ್ಲಾನ್ ಹಾಕಿಸಿದಳು. ಹುಸೇನ್ ಮಾತ್ರ ಗೊಣಗುತ್ತಿದ್ದ. "ಕಂಡೋರ ಮನೆ ಕಿಟಕೀಲಿ ಇಣುಕ್ದಂಗಾಯ್ತದೆ. ಮುಂಚೆ ಕನೆಕ್ಷನ್ ಬುಡೋರು ಜಗಳ ಆಡಿ ಬುಡೋರು, ಒಂದ್ ಮರ್ಯಾದೆ ಇತ್ತು."

ಸಂಕ್ರಾಂತಿ ಕಳೆದ ಮೇಲೆ ಅಸದುಲ್ಲಾ ತೀರಿಕೊಂಡರು. ಗೊಂಬೆ ಕೆಲಸದವರು, ಹುಸೇನ್‌ಗೆ ಅಣ್ಣನಂತಿದ್ದವರು. ಅವನ ಮೊದಲ ತಂತಿ ಹೋದದ್ದು ಅವರ ಮಹಡಿಗೆ, ಇಡೀ ಬೀದಿಗೆ ನೆಟ್ ಹಂಚುವ ಪೆಟ್ಟಿಗೆ ಇದ್ದದ್ದೂ ಅಲ್ಲೇ. ಬೀದಿಯ ಅರ್ಧ ಮನೆಗಳಲ್ಲಿ ಅವರ ಬಾಡಿಗೆದಾರರಿದ್ದರು. ಹುಸೇನ್ ಹೆಗಲು ಕೊಟ್ಟ, ಮಣ್ಣು ಹಾಕಿದ, ಬಂದು ನನ್ನ ಕಟ್ಟೆಯ ಮೇಲೆ ಕೂತ. ಆವತ್ತು ಟೀ ಕೇಳಲಿಲ್ಲ.

ವಾರ ಕಳೆದಿರಬೇಕು. ಮಹೀನ್ ಫೋನು ಹಿಡಿದು ಬಂದಳು.

"ಅಬ್ಬಾ, ಅಸದುಲ್ಲಾ ಚಾಚಾರ ಮನೆ ಒಸಿ ನೋಡಿ. ಮಣ್ಣಾದ ದಿನ ಬಳಕೆ ಜಾಸ್ತಿ ಆಗೈತೆ, ನೆಂಟ್ರು ತುಂಬಿದ್ರಲ್ಲ. ಮೂರ್ನೇ ದಿನ ಜಿಯಾರತ್ ಫಾತಿಹಾ ಆಯ್ತು, ಸಾಯಂಕಾಲದಿಂದ ಸೊನ್ನೆ. ದುಃಖದ ಮನೇಲಿ ಕಡ್ಮೆ ಆಯ್ತದೆ, ಸೊನ್ನೆ ಆಗಲ್ಲ. ಏನೋ ಆಗೈತೆ. ಒಂದ್ಸಲ ಹೋಗ್ಬನ್ನಿ."

"ಸಾವಿನ ಮನೇಲಿ ನೆಟ್ಟೆಷ್ಟು ಅಂತ ಲೆಕ್ಕ ಹಾಕ್ತೀಯಲ್ಲ, ನಾಚ್ಕೆ ಆಗಲ್ವಾ?"

"ಹಂಗಾರೆ ನಾನು ಹೋಯ್ತೀನಿ."

"ಯಾರೂ ಹೋಗ್ಕೂಡ್ದು."

"ಫೋನಾದ್ರೂ ಮಾಡ್ಲಾ?"

"ಬ್ಯಾಡ ಅಂದೆ."

ಅಪ್ಪನ ಮಾತು ಮೀರುವ ಹುಡುಗಿಯಲ್ಲ. ಮರುವಾರವೂ ಬಂದು ತೋರಿಸಿದಳು, ಅದರ ಮರುವಾರ ಅವರ ಬಾಡಿಗೆ ಮನೆಗಳೂ ಕೆಂಪಾದದ್ದನ್ನು ತೋರಿಸಿದಳು. ಆಮೇಲೆ ತೋರಿಸುವುದನ್ನು ಬಿಟ್ಟಳು. ಅವಳ ಮುಖದಲ್ಲೂ ಅಪ್ಪನ ದಣಿವು ಕಾಣತೊಡಗಿತು.

ನಲವತ್ತನೆಯ ದಿನ ಕಳೆದ ಮಾರನೆಯ ಬೆಳಿಗ್ಗೆ ಹುಸೇನ್ ನನ್ನ ಸ್ಕೂಟರಿನ ಹಿಂದೆ ಕೂತ. ಅಸದುಲ್ಲಾ ಮನೆಯ ಮುಂದೆ ಇಳಿದವನು ತಲೆಯೆತ್ತಿ ನೋಡಿ ಹಾಗೇ ನಿಂತುಬಿಟ್ಟ. ಅವನ ಹಳೆಯ ತಂತಿ ಹರಿದು ಗೋಡೆಗೆ ಜೋತುಬಿದ್ದಿತ್ತು. ಅದರ ಪಕ್ಕದಲ್ಲಿ ಬೇರೆ ಕಂಪನಿಯ ಹೊಸ ತಂತಿ ನೀಟಾಗಿ ಒಳಗೆ ಹೋಗಿತ್ತು. ಬಾಡಿಗೆ ಮನೆಗಳಿಗೂ ಅದೇ ತಂತಿ.

ಅಸದುಲ್ಲಾರ ಮಗ ಸಾದಿಕ್ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. ಅವನ ತಾಯಿ ಮುನವ್ವರಾ ಇದ್ದತ್‌ನಲ್ಲಿದ್ದರು; ಗಂಡ ಸತ್ತ ಮೇಲಿನ ಆ ತಿಂಗಳುಗಳಲ್ಲಿ ಪರಗಂಡಸರೆದುರು ಬರುವಂತಿಲ್ಲ. ಪರದೆಯ ಹಿಂದಿನಿಂದಲೇ ಮಾತಾಡಿದರು, ನಾನಿದ್ದೇನೆಂದು ಕನ್ನಡದಲ್ಲೇ.

"ಶಾಮಿಯಾನ ಬಿಚ್ಚೋವಾಗ ಕಂಬ ಬಡ್ದು ನಿಮ್ ವೈರು ಕಿತ್ತೋಯ್ತು ಭಾಯಿ. ಸಾದಿಕ್ ಫೋನ್ ಮಾಡ್ತೀನಿ ಅಂದ, ನಾನೇ ಬ್ಯಾಡ ಅಂದೆ. ‘ಹುಸೇನ್‌ಗೆ ಫೋನ್ ಯಾಕೆ, ಅವ್ನೇ ಬತ್ತಾನೆ’ ಅಂತ ಇವ್ರು ಯಾವಾಗ್ಲೂ ಅನ್ನೋರು. ದಿನಾ ಬಾಗ್ಲು ನೋಡ್ದೆ. ಗೊಂಬೆ ಆರ್ಡರೆಲ್ಲ ಆ ನೆಟ್ಟಲ್ಲೇ ಬರೋದು, ಹುಡುಗ ಎಷ್ಟ್ ದಿನ ಕಾಯ್ತಾನೆ? ಬೇರೆಯವ್ರು ಬಂದ್ರು, ಹಾಕ್ಬುಟ್ರು, ನಮ್ದು ನೋಡಿ ಬಾಡಿಗೆಯವ್ರೂ ಹಾಕಿಸ್ಕೊಂಡ್ರು. ವರ್ಷದ್ ದುಡ್ಡೂ ಕಟ್ಬುಟ್ವಿ."

"ನಲವತ್ತು ಕಳೀಲಿ ಅಂತ ಇದ್ದೆ ಭಾಬಿ. ಬಿಲ್ಲಿಗೆ ಬಂದ ಅನ್ಕೋಬಾರ್ದು ಅಂತ…" ಹುಸೇನ್‌ ಎಂದ.

"ಬಿಲ್ಲಿಗೆ ಇಷ್ಟ್ ವರ್ಷ ಬಂದ್ರಿ. ಬಿಲ್ ಕೇಳ್ಬಾರ್ದು ಅನ್ನಿಸಿದ್ ತಕ್ಷಣ ಬರೋದೇ ಬುಟ್ರಲ್ಲ ಭಾಯಿ?"

ಹುಸೇನ್ ಜೋತುಬಿದ್ದ ತಂತಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡ. ಅಷ್ಟು ಒಳ್ಳೆಯ ಮನಸ್ಸಿನಿಂದ ಅಷ್ಟು ಕೆಟ್ಟ ಕೆಲಸ ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವಾಪಸು ಬಂದವನು ಮಗಳ ಮುಂದೆ ನಿಂತು, "ನೀನ್ ಹೇಳಿದ್ದೇ ಸರಿ ಕಣಮ್ಮಾ" ಎಂದ. ಮಹೀನ್ ಎದ್ದು ಅವನಿಗೆ ಕುರ್ಚಿ ಕೊಟ್ಟಳು.

ಯುಗಾದಿ ಬಂತು. ಕಂಪನಿಯವರು ಮಾತಿನಂತೆ ನಡೆದರು. ಮಹೀನ್ ಬೆಳೆಸಿದ ಗೊಂಬೆಯವರ ಮನೆಗಳ ದೆಸೆಯಿಂದ ಏರಿಯಾ ಪೂರ್ತಿ ಹೋಗಲಿಲ್ಲ, ಆದರೆ ಅಸದುಲ್ಲಾರ ಬೀದಿ ಹೋಯಿತು. ಅವರ ಮಹಡಿಯ ಮೇಲಿನ ಪೆಟ್ಟಿಗೆ ಬಿಚ್ಚಬೇಕಿತ್ತು. ಆಳು ಕಳಿಸೋ ಎಂದೆ, ಕೇಳಲಿಲ್ಲ. ಏಣಿಯನ್ನು ನಾನು ಹಿಡಿದುಕೊಂಡೆ. ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ಬಿಡುತ್ತಾ ಹತ್ತಿದ, ತಾನೇ ಹಾಕಿದ ಬೋಲ್ಟುಗಳನ್ನು ತಾನೇ ಬಿಚ್ಚಿದ, ಧೂಳು ತುಂಬಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿದ.

ಸಾದಿಕ್ ಎರಡು ಲೋಟ ಟೀ ತಂದು ಕೊಟ್ಟ. ನಾವು ಕುಡಿದು ಲೋಟ ಇಡುವಾಗ ಪರದೆಯ ಹಿಂದಿನಿಂದ ಮುನವ್ವರಾ ಕೇಳಿದರು.

"ಇನ್ ನಮ್ದೂ ನಿಮ್ದೂ ಬಿಲ್ಲಿಲ್ವಲ್ಲ ಭಾಯಿ. ಈಗಾದ್ರೂ ಬತ್ತೀರಾ?"