ಹಾಳೆ ಸುತ್ತಿದ ಹ್ಯಾಂಡಲ್

ಸೈಕಲ್ಲಿನ ಹ್ಯಾಂಡಲಿಗೂ ಅಳತೆ ಇರುತ್ತದೆ ಎಂಬುದು ಆ ಶನಿವಾರದವರೆಗೆ ನನಗೆ ಗೊತ್ತಿರಲಿಲ್ಲ. ನಾನು ಹೊಲಿಗೆಯವಳು. ಎದೆ, ಸೊಂಟ, ತೋಳು ಎಂದರೆ ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಹೇಳಬಲ್ಲೆ. ಆದರೆ ಒಂದು ಬಗ್ಗಿಸಿದ ಕೊಳವೆಗೆ ಅಳತೆ ಯಾಕೆ ಬೇಕು, ಎರಡು ಕೈಯಲ್ಲಿ ಹಿಡಿದುಕೊಳ್ಳಲು ಬಂದರೆ ಸಾಲದೇ ಎಂದುಕೊಂಡಿದ್ದೆ.

ನಮ್ಮವರು ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಒಂದು ಕಾಫಿ ತೋಟದಲ್ಲಿ ಮೇಸ್ತ್ರಿ. ಡಾಂಬರು ರಸ್ತೆ ಬಿಟ್ಟ ಮೇಲೆ ತೋಟಕ್ಕೆ ಉದ್ದದ ಏರು. ಧಣಿಗಳ ಮನೆಯಲ್ಲಿ ಮೂಲೆ ಸೇರಿದ್ದ ಗೇರ್ ಸೈಕಲ್ಲೊಂದನ್ನು ಅವರು ಇವರಿಗೆ ಕೊಟ್ಟಿದ್ದರು. ಸೈಕಲ್ಲೇನೋ ಚೆನ್ನಾಗಿತ್ತು, ಹ್ಯಾಂಡಲ್ ಮಾತ್ರ ನೆಟ್ಟಗೆ, ತಗ್ಗಿನಲ್ಲಿ. ನಮ್ಮವರು ಉದ್ದ ಆಳು. ಬಗ್ಗಿ ಬಗ್ಗಿ ಓಡಿಸಿ ಕುತ್ತಿಗೆ ಹಿಡಿದುಕೊಂಡಿತು. ಪಕ್ಕಕ್ಕೆ ಕರೆದರೆ ಮೈಯೆಲ್ಲ ತಿರುಗಿಸಿ ನೋಡುವ ಹಾಗಾಯಿತು. ಬಗ್ಗಬೇಡಿ ಎಂದು ಡಾಕ್ಟರು ಹೇಳಿದರು. ಅದನ್ನೇ ನಾನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಸ್ವಲ್ಪ ಜೋರಾಗಿ ಹೇಳಿದೆ. ಕೊನೆಗೆ ಅವರು ಗುಜರಿಯಿಂದ ಮೇಲಕ್ಕೆ ಎತ್ತಿ ಬಗ್ಗಿಸಿದ ಹಳೆಯ ಹ್ಯಾಂಡಲೊಂದನ್ನು ತಂದರು.

ಶುಕ್ರವಾರ ಸಂಜೆ ಅಂಗಳದಲ್ಲಿ ಕೂತು ಸೈಕಲ್ಲಿನ ಮೊದಲಿನ ಹ್ಯಾಂಡಲನ್ನು ಬಿಚ್ಚಿದರು. ಹ್ಯಾಂಡಲನ್ನು ನಡುವೆ ಕಚ್ಚಿ ಹಿಡಿಯುವ ಭಾಗಕ್ಕೆ ಸ್ಟೆಮ್ ಎನ್ನುತ್ತಾರಂತೆ. ಗುಜರಿಯ ಹ್ಯಾಂಡಲನ್ನು ಅದರ ಬಾಯಿಗಿಟ್ಟು ಬೋಲ್ಟ್ ಎಷ್ಟು ತಿರುಗಿಸಿದರೂ ಬಿಗಿಯಾಗಲಿಲ್ಲ. ಅಣ್ಣನ ಅಂಗಿಯ ತೋಳಿನಲ್ಲಿ ತಮ್ಮನ ಕೈ ಇದ್ದ ಹಾಗೆ ಒಳಗೇ ಅಲ್ಲಾಡುತ್ತಿತ್ತು.

"ತಡಿಯಾ," ಎಂದು ಜಗಲಿಯಿಂದ ಅತ್ತೆ ಎದ್ದರು.

ನಮ್ಮ ಅತ್ತೆಗೆ ಅಡಿಕೆ ಸೋಗೆಯ ಬುಡದ ಹಾಳೆ ಎಂದರೆ ಸರ್ವರೋಗಕ್ಕೂ ಮದ್ದು. ಬೀಸಣಿಗೆ ಅದೇ, ಕಸ ಎತ್ತುವುದಕ್ಕೆ ಅದೇ, ಬಾಗಿಲು ಬಡಿಯದ ಹಾಗೆ ಸಂದಿಗೆ ಸಿಕ್ಕಿಸುವುದು ಅದೇ. ನನ್ನ ಹೊಲಿಗೆ ಮಿಷನ್ನಿನ ಒಂದು ಕಾಲು ಗಿಡ್ಡವಾಗಿ ಕುಣಿಯುತ್ತಿದ್ದಾಗ ಮಡಚಿದ ಹಾಳೆ ತುರುಕಿ ಅದನ್ನು ನಿಲ್ಲಿಸಿದವರೂ ಅವರೇ. ಈಗಲೂ ಒಂದು ಹಾಳೆ ತಂದು ಬಕೆಟ್ಟಿನ ನೀರಲ್ಲಿ ಅದ್ದಿಟ್ಟರು. ಒಣ ಹಾಳೆ ಬಗ್ಗಿಸಿದರೆ ಸೀಳುತ್ತದೆ, ನೆನೆದರೆ ಹೇಳಿದ ಹಾಗೆ ಕೇಳುತ್ತದೆ. ಮೆತ್ತಗಾದ ಮೇಲೆ ಪಟ್ಟಿ ಕೊಯ್ದು ಹ್ಯಾಂಡಲಿನ ನಡುವಿಗೆ ನೀಟಾಗಿ ಸುತ್ತಿದರು. ನಮ್ಮವರು ಅದರ ಮೇಲೆ ಸ್ಟೆಮ್ಮಿನ ಬಾಯಿ ಮುಚ್ಚಿ ಬೋಲ್ಟ್ ಬಿಗಿದರು. ಮೂವರೂ ಸರದಿಯ ಮೇಲೆ ಅಲ್ಲಾಡಿಸಿ ನೋಡಿದೆವು. ಬಂಡೆಯ ಹಾಗೆ ನಿಂತಿತ್ತು.

"ನೀವು ಇಂಜಿನಿಯರ್ ಆಗ್ಬೇಕಿತ್ತು ಅತ್ತೆ," ಎಂದೆ. ಅತ್ತೆ ಬೀಗಿದರು.

ಶನಿವಾರ ಬೆಳಗ್ಗೆ ನಮ್ಮವರು ಬೆನ್ನು ನೆಟ್ಟಗೆ ಮಾಡಿಕೊಂಡು ಆ ಸೈಕಲ್ ಹತ್ತಿ ಹೋದರು. ಮದುವೆಮನೆಯೊಂದರ ಬ್ಲೌಸುಗಳನ್ನು ತಲುಪಿಸಲು ನಾನು ನರಸಿಂಹರಾಜಪುರದ ಬಸ್ಸು ಹತ್ತಿದೆ. ಆ ಕೆಲಸ ಬೇಗ ಮುಗಿಯಿತು. ಮೊದಲಿನ ಹ್ಯಾಂಡಲಿನ ಹಿಡಿಕೆಯ ರಬ್ಬರು ಬಿಚ್ಚುವಾಗ ಹರಿದುಹೋಗಿತ್ತು, ಬಂದದ್ದೇ ಬಂದೆ, ಹೊಸ ರಬ್ಬರು ಕೊಂಡುಹೋಗೋಣ ಎಂದು ಸೈಕಲ್ ಅಂಗಡಿಗೆ ಹೋದೆ.

ಅಂಗಡಿಯವನು ಮಾತುಗಾರ. ಯಾವ ಸೈಕಲ್ಲು, ಯಾವ ಹ್ಯಾಂಡಲ್ಲು ಎಂದು ಕೇಳಿದ. ನಾನೂ ಬಿಡುವವಳಲ್ಲ. ಗುಜರಿ, ಅತ್ತೆ, ಹಾಳೆ ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಕ್ಕ, ಹಾಳೆ ಒಣಗಿದ್ದು ಹಾಕಿದ್ದಾ, ನೆನೆಸಿದ್ದಾ?" ಎಂದು ಕೇಳಿದ.

"ನೆನೆಸಿದ್ದೇ. ಒಣಗಿದ್ದು ಸುತ್ತೂಕೆ ಬತ್ತದಾ?"

ಹೇಳಿದ ಮಾತು ಬಾಯಲ್ಲಿರುವಾಗಲೇ ನನ್ನ ಹೊಲಿಗೆಯ ಪಾಠ ನನಗೇ ನೆನಪಾಯಿತು. ಲೈನಿಂಗ್ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ನಾನು ಕತ್ತರಿ ಇಡುವವಳಲ್ಲ. ಹೊಲಿದ ಮೇಲೆ ಕುಗ್ಗಿದರೆ ಬ್ಲೌಸು ಕೆಟ್ಟಿತು ಎಂದು ಕಲಿಯಲು ಬರುವ ಹುಡುಗಿಯರಿಗೆಲ್ಲ ಬೈದು ಹೇಳುತ್ತೇನೆ. ನೆನೆದದ್ದು ಒಣಗಿದರೆ ಕುಗ್ಗುತ್ತದೆ. ಹಾಳೆಯೂ ಅಷ್ಟೇ.

ಅವನು ಎರಡು ಹ್ಯಾಂಡಲನ್ನೂ ಒಂದು ಸ್ಟೆಮ್ಮನ್ನೂ ತಂದು ಹಲಗೆಯ ಮೇಲಿಟ್ಟ. ಎರಡು ಹ್ಯಾಂಡಲೂ ತುದಿಯಲ್ಲಿ ಒಂದೇ ದಪ್ಪ, ನಡುವೆ ಮಾತ್ರ ಬೇರೆ. ಒಂದರ ನಡು ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರು, ಇನ್ನೊಂದರದು ಮೂವತ್ತೊಂದು ಪಾಯಿಂಟ್ ಎಂಟು. ಗೇರ್ ಸೈಕಲ್ಲಿನ ಸ್ಟೆಮ್ಮು ದಪ್ಪದ್ದಕ್ಕೆ, ನಮ್ಮವರು ತಂದದ್ದು ಬಹುಶಃ ಸಪುರದ್ದು ಎಂದ. ಸಂದಿಗೆ ಹಾಕಲು ಅಲ್ಯೂಮಿನಿಯಮ್ಮಿನ ಬಳೆಯೇ ಸಿಗುತ್ತದಂತೆ, ಅಳತೆಗೆ ಸರಿಯಾಗಿ.

"ಹಾಳೆ ಹಾಕಿದ್ರೆ ಎಂತ ಆಗ್ತದೆ?"

"ಸುಮ್ನೆ ಕೂತು ಹೋದ್ರೆ ಎಂತ ಆಗೂದಿಲ್ಲ ಅಕ್ಕ. ಏರಲ್ಲೂ ತೊಂದ್ರೆ ಇಲ್ಲ. ಇಳಿಜಾರಲ್ಲಿ ಗಕ್ಕನೆ ಬ್ರೇಕ್ ಹಿಡಿದ್ರೆ ಮೈಭಾರ ಪೂರಾ ಕೈ ಮೇಲೆ ಬತ್ತದೆ. ಹ್ಯಾಂಡಲ್ ಗಿರ್ರನೆ ಕೆಳಗೆ ತಿರುಗ್ತದೆ. ಓಡಿಸೋನು ತಲೆ ಮುಂದಾಗಿ ಹೋಗ್ತಾನೆ."

"ಒಳ್ಳೆ ಮಾತು ಬರೂದೇ ಇಲ್ವಾ ನಿನ್ನ ಬಾಯಲ್ಲಿ?" ಎಂದು ರೇಗಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಮೊದ್ಲು ಫೋನ್ ಮಾಡಿ," ಎಂದ.

ಮಾಡಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಳು ಆ ಯಂತ್ರದ ಹೆಂಗಸು. ಆ ತೋಟದಲ್ಲಿ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕು. ತೋಟದ ಮನೆಯ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಶನಿವಾರ ಅರ್ಧ ದಿನದ ಕೆಲಸ. ಊಟದ ಹೊತ್ತಿಗೆ ಅವರು ಆ ಇಳಿಜಾರಿನಲ್ಲಿ ಇಳಿಯುತ್ತಾರೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಹೊರಗೆ ಸುಡುವ ಬಿಸಿಲು. ಹಪ್ಪಳ ಒಣಗಿಸಲು ಇಂಥ ಬಿಸಿಲಿಗೇ ನಾವು ಕಾಯುವುದು, ಆ ದಿನ ಮಾತ್ರ ಅದನ್ನು ನೋಡಿದರೆ ಕೈಕಾಲು ತಣ್ಣಗಾಗುತ್ತಿತ್ತು. ತೋಟದ ಶೆಡ್ಡಿನ ಮುಂದೆ ನೆರಳಿಲ್ಲ. ಬೆಳಗ್ಗಿನಿಂದ ಸೈಕಲ್ಲು ಅಲ್ಲೇ ನಿಂತಿರುತ್ತದೆ, ಹಾಳೆ ಒಣಗುತ್ತಿರುತ್ತದೆ. ಸೀತೂರಿನ ಹತ್ತಿರ ಕಂಡಕ್ಟರು ಯಾರದೋ ಮೂಟೆ ಇಳಿಸುತ್ತಾ ಹರಟೆಗೆ ನಿಂತ. "ಹೊರಡಿಸ್ತೀಯಾ ಇಲ್ವಾ ಮಾರಾಯ!" ಎಂದು ಕೂಗಿಬಿಟ್ಟೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನನಗೆ ನಾಚಿಕೆಯಾಗಲಿಲ್ಲ, ಅಷ್ಟು ಹೆದರಿಕೆಯಾಗಿತ್ತು.

ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು.

"ಬಂದ್ರಾ ಇವರು?"

"ಇಲ್ಲ ಇನ್ನೂ. ಎಂತಾಯ್ತೇ? ನಿನ್ನ ಧ್ವನಿ ಯಾಕೆ ಹೀಗಿದೆ?"

"ಬಸ್ಸಿನ ಗಲಾಟೆ," ಎಂದು ಇಟ್ಟುಬಿಟ್ಟೆ. ಹೇಳಲು ನಾಲಿಗೆ ಬರಲಿಲ್ಲ. ಮಗನಿಗೆ ಏನಾದರೂ ಆದರೆ ಆ ಪಟ್ಟಿ ಕೊಯ್ದ ತಮ್ಮ ಕೈಯನ್ನು ಅವರು ಜನ್ಮವಿಡೀ ನೋಡಿಕೊಂಡು ಕೂರಬೇಕಾಗುತ್ತದೆ. ಹೊಗಳಿದ ಬಾಯಿ ನನ್ನದೂ ಇತ್ತಲ್ಲ.

ಕೊಪ್ಪದಲ್ಲಿ ಇಳಿದವಳೇ ಆಟೋ ಹಿಡಿದೆ. ದಾರಿಯುದ್ದಕ್ಕೂ ಎದುರಿಗೆ ಬರುವ ಸೈಕಲ್ಲುಗಳನ್ನೆಲ್ಲ ನೋಡಿದೆ. ಎಲ್ಲಿಯೂ ಜನ ಗುಂಪುಗೂಡಿಲ್ಲ ಎಂದು ನೋಡಿ ಸಮಾಧಾನ, ಮುಂದಿನ ತಿರುವಿನಲ್ಲಿ ಮತ್ತೆ ಅದೇ ಭಯ. ತೋಟದ ದಾರಿಯ ಬುಡಕ್ಕೆ ಬಂದಾಗ ಆಟೋದವನು, "ಮೇಲೆ ಹತ್ತೂದಿಲ್ಲ ಅಕ್ಕ, ಕಲ್ಲೆಲ್ಲ ಎದ್ದಿದೆ," ಎಂದು ನಿಲ್ಲಿಸಿದ. ಅವನೊಡನೆ ಜಗಳವಾಡಲೂ ನನ್ನಲ್ಲಿ ಉಸಿರಿರಲಿಲ್ಲ. ಇಳಿದು ನಡೆದೆ.

ಆ ದಾರಿ ಹೀಗಿದೆ: ಬುಡದಲ್ಲಿ ಒಂದು ಮೋರಿ, ಮೋರಿ ದಾಟಿದರೆ ಡಾಂಬರು ರಸ್ತೆಯವರೆಗೆ ಸಣ್ಣ ಏರು. ಮೋರಿಯಿಂದ ತೋಟದ ಕಡೆಗೆ ಒಂದು ತಿರುವು, ತಿರುವಿನ ಆಚೆ ನೆಟ್ಟಗಿನ ಉದ್ದದ ಇಳಿಜಾರು. ಒಂದು ಬದಿಗೆ ಗುಡ್ಡ ಕಡಿದ ಮಣ್ಣಿನ ಧರೆ, ಇನ್ನೊಂದು ಬದಿಗೆ ಬಂಡೆ ತುಂಬಿದ ಕೊರಕಲು. ತಿರುವು ದಾಟಿ ಇಳಿಜಾರಿನ ಅರ್ಧಕ್ಕೆ ಏರಿದ್ದೆ. ಮೇಲಿನಿಂದ ಸೈಕಲ್ ಚಕ್ರದ ಟಿಕಿಟಿಕಿ ಸದ್ದು ಕೇಳಿಸಿತು. ತಲೆ ಎತ್ತಿದರೆ ನಮ್ಮವರು ಇಳಿದು ಬರುತ್ತಿದ್ದರು.

ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ. ಹಗುರವಾಗಿ ಬ್ರೇಕಿನ ಮೇಲೆ ಬೆರಳಿಟ್ಟು ನಿಧಾನವಾಗಿ ಬರುವುದು ಅವರ ಯಾವಾಗಿನ ಕ್ರಮ. ಆರಾಮಾಗಿ ಇದ್ದರು. ನಿಲ್ಲಿ ಎಂದು ಕೂಗಲು ಬಾಯಿ ತೆರೆದೆ.

ತೆರೆದ ಬಾಯಿ ಹಾಗೇ ಉಳಿಯಿತು. ನಾನು ಕೂಗಿದರೆ ಅವರು ಗಕ್ಕನೆ ಬ್ರೇಕ್ ಹಿಡಿಯುತ್ತಾರೆ. ಕೂಗಿದ್ದು ನಾನಲ್ಲವೇ, ಹಿಡಿಯದೆ ಇರುತ್ತಾರೆಯೇ? ಹಿಡಿದರೆ ಹ್ಯಾಂಡಲ್ ತಿರುಗುತ್ತದೆ. ಕೂಗದಿದ್ದರೆ ತಿರುವಿನಲ್ಲಿ ಏನಾಗುವುದೋ ಯಾರಿಗೆ ಗೊತ್ತು. ಆದರೆ ಹೀಗೇ ಬಂದರೆ, ಹೀಗೇ ನಿಧಾನವಾಗಿ ಬಂದರೆ, ಮೋರಿ ದಾಟಿದ ಮೇಲಿನ ಏರಿನಲ್ಲಿ ಸೈಕಲ್ಲು ತನ್ನಷ್ಟಕ್ಕೆ ನಿಲ್ಲುತ್ತದೆ.

ಧರೆಯ ಕಡೆಗೆ ಸರಿದು ನಿಂತೆ. ಕೈ ಎತ್ತಿ ಬೀಸಿದೆ. ಮುಖದಲ್ಲಿ ಒಂದು ನಗು ತಂದುಕೊಂಡೆ. ಅದು ಹೇಗೆ ಬಂತೋ ದೇವರಿಗೇ ಗೊತ್ತು. ಹೋಗಿ, ಹೋಗಿ, ಕೆಳಗೆ ಸಿಗೋಣ ಎನ್ನುವ ಹಾಗೆ ಕೈ ತೋರಿಸಿದೆ. ಅವರ ಹುಬ್ಬು ಮೇಲಕ್ಕೆ ಹೋದದ್ದು ಕಂಡಿತು. ನನ್ನ ಪಕ್ಕದಲ್ಲೇ ಹಾದುಹೋದರು, ಅಂಗಿ ತಾಗುವಷ್ಟು ಹತ್ತಿರ. ಆಗ ಹ್ಯಾಂಡಲ್ ಕಣ್ಣಿಗೆ ಬಿತ್ತು. ಬೆಳಗ್ಗೆ ಮೇಲಕ್ಕೆ ನೋಡುತ್ತಿದ್ದದ್ದು ಈಗ ಮುಂದಕ್ಕೆ ವಾಲಿತ್ತು.

ಹಿಡಿದು ನಿಲ್ಲಿಸಬೇಕಿತ್ತೇ, ಸೀಟು ಹಿಡಿದು ಜೋತುಬೀಳಬೇಕಿತ್ತೇ ಎಂದು ಯೋಚಿಸುವಷ್ಟರಲ್ಲಿ ಅವರು ತಿರುವಿನಲ್ಲಿ ಮರೆಯಾದರು. ಚಕ್ರದ ಸದ್ದೂ ನಿಂತಿತು. ನಾನು ಕಿವಿಯಾಗಿ ನಿಂತೆ. ಏನೂ ಕೇಳಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಚಪ್ಪಲಿ ಕಿತ್ತು ಕೈಯಲ್ಲಿ ಹಿಡಿದು ಓಡಿದೆ. ಕಲ್ಲು ಚುಚ್ಚಿದ್ದು ಆಗ ತಿಳಿಯಲೇ ಇಲ್ಲ.

ಮೋರಿಯ ಆಚೆ, ಏರಿನಲ್ಲಿ, ಒಂದು ಕಾಲು ನೆಲಕ್ಕೆ ಊರಿ ಅವರು ನಿಂತಿದ್ದರು. ಮೈ ಕೈ ಎಲ್ಲ ನೆಟ್ಟಗಿತ್ತು. ನಾನು ಅವರ ಮುಖ ನೋಡಲಿಲ್ಲ. ನೆಟ್ಟಗೆ ಹೋಗಿ ಎರಡು ಕೈಯಿಂದ ಹ್ಯಾಂಡಲನ್ನು ಕೆಳಕ್ಕೆ ಅದುಮಿದೆ. ಯಾವ ಬಲವೂ ಬೇಕಾಗಲಿಲ್ಲ. ಪೂರ್ತಿ ತಿರುಗಿ ಬುಡ ಮೇಲಾಗಿ ಜೋತುಬಿತ್ತು. ಸಂದಿಯಿಂದ ಒಣಗಿದ ಹಾಳೆಯ ಚೂರು ಉದುರಿತು.

ಅವರು ಅದನ್ನೇ ನೋಡುತ್ತಾ ನಿಂತರು. ಅಂಗಡಿಯವನು ಹೇಳಿದ್ದನ್ನೆಲ್ಲ ನಾನು ಏದುಸಿರಿನಲ್ಲಿ ಹೇಳಿದೆ. ಕೂಗಿದರೆ ಬ್ರೇಕ್ ಹಿಡಿಯುತ್ತೀರಿ ಎಂದು ಕೂಗಲಿಲ್ಲ ಎಂದೆ.

"ನೀನು ಕೂಗದೆ ಇದ್ದಿದ್ದಕ್ಕೇ ಹಿಡಿಯೂಕೆ ಹೋಗಿದ್ದೆ," ಎಂದರು ಮೆಲ್ಲಗೆ.

"ಎಂತಕ್ಕೆ?"

"ಮಟಮಟ ಮಧ್ಯಾಹ್ನ ನೀನು ತೋಟದ ದಾರೀಲಿ ನಿಂತಿದ್ದೀ. ಬೈಲಿಲ್ಲ, ಕೂಗಲಿಲ್ಲ, ನಗ್ತಿದ್ದೀ. ಅಮ್ಮ ಹೋದ್ಲು ಅಂದ್ಕಂಡೆ. ಬೆರಳು ಬಿಗಿ ಮಾಡಿ ಆಗಿತ್ತು."

ಅಲ್ಲೇ ಮೋರಿಯ ಕಟ್ಟೆ ಹಿಡಿದುಕೊಂಡೆ. "ಮತ್ತೆ ಯಾಕೆ ಹಿಡೀಲಿಲ್ಲ?"

"ನಿಂತ್ರೆ ನೀನು ಹೇಳಿಬಿಡ್ತಿದ್ದೆ," ಎಂದರು. "ಕೇಳೂಕೆ ಧೈರ್ಯ ಬರ್ಲಿಲ್ಲ. ಕೆಳಗೆ ಹೋಗುವಷ್ಟು ಹೊತ್ತಾದ್ರೂ ಗೊತ್ತಾಗದೆ ಇರ್ಲಿ ಅಂತ ಬಿಟ್ಟುಬಿಟ್ಟೆ."

ಜೋತುಬಿದ್ದ ಹ್ಯಾಂಡಲನ್ನು ಅವರು ಮತ್ತೆ ನೋಡಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಾ, "ಅಮ್ಮ ಹುಷಾರಾಗಿದಾಳಲ್ಲ?" ಎಂದು ಕೇಳಿದರು.