ಸಿಡಿಲರಾಯನ ಎಡಭುಜ

ವಿಮಾನಪುರದ ಪಂಚಾಕ್ಷರಯ್ಯನವರು ನಿವೃತ್ತರಾಗಿ ಆರು ವರ್ಷವಾದರೂ ತಪಾಸಣೆ ಬಿಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಬಿಡಿಭಾಗಗಳನ್ನು ಹೊರಳಿಸಿ ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುತ್ತಿದ್ದರು. ಈಗ ಆ ಚೀಟಿ ದಿನಪತ್ರಿಕೆಗಳಿಗೆ ಬೀಳುತ್ತಿತ್ತು. ಅದೂ ಸೂಪರ್‌ಹೀರೋ ಕಾಮಿಕ್ಸ್ ಬಗ್ಗೆ ಬಂದ ಲೇಖನಗಳಿಗೆ ಮಾತ್ರ. ಉಳಿದ ಸುದ್ದಿಯನ್ನು ದೇಶ ನೋಡಿಕೊಳ್ಳಲಿ ಎಂಬುದು ಅವರ ನಿಲುವು.

ಹುಡುಗನಾಗಿದ್ದಾಗಿನಿಂದ ಕೂಡಿಟ್ಟ ಕಾಮಿಕ್ಸ್ ಎರಡು ಬೀರು ತುಂಬಿದ್ದವು. ಪತ್ರಿಕೆಯವರು ಆ ಬಗ್ಗೆ ಬರೆದದ್ದೆಲ್ಲ ಒಂದು ಫೈಲಿನಲ್ಲಿ, ಒಂದೊಂದಕ್ಕೂ ಕೆಂಪು ಚೀಟಿ. ಒಂದರ ತಲೆಬರಹವೇ ‘ಢಿಶುಂ!’ ಇನ್ನೊಂದರಲ್ಲಿ ‘ಕಾಮಿಕ್ಸ್ ಈಗ ಮಕ್ಕಳಿಗಷ್ಟೇ ಅಲ್ಲ’ ಎಂಬ ಸಂಶೋಧನೆ. ಅದನ್ನು ಅದೇ ಪತ್ರಿಕೆ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡುತ್ತಿತ್ತು. ಸಿನಿಮಾದ ಗಳಿಕೆ ಇರುತ್ತಿತ್ತು, ನಟನ ಸಿಕ್ಸ್ ಪ್ಯಾಕ್ ಇರುತ್ತಿತ್ತು, ಚಿತ್ರ ಬರೆದವರ ಹೆಸರು ಮಾತ್ರ ಇರುತ್ತಿರಲಿಲ್ಲ. ಸಾಯುವುದರೊಳಗೆ ಒಬ್ಬನೇ ಒಬ್ಬ ಚಿತ್ರಕಾರನ ಹೆಸರನ್ನು ಪತ್ರಿಕೆಯಲ್ಲಿ ಸರಿಯಾಗಿ ನೋಡಬೇಕೆಂದು ಅವರು ಪಟ್ಟು ಹಿಡಿದಿದ್ದರು.

ಹಾಗಾಗಿ ರಮ್ಯಶ್ರೀ ಎಂಬ ವರದಿಗಾರ್ತಿ, “ನಿಮ್ಮ ಸಂಗ್ರಹದ ಬಗ್ಗೆ ಬರೀಬೇಕು ಸರ್” ಎಂದು ಮನೆಗೆ ಬಂದಾಗ, ಅವರು ಮೊದಲು ಆಕೆಯ ಐಡಿ ಕಾರ್ಡನ್ನು ಹಿಂದುಮುಂದು ನೋಡಿದರು.

“ಢಿಶುಂ ಹಾಕ್ತೀರಾ?”

“ಇಲ್ಲ ಸರ್.”

“ನೀವು ಹಾಕಲ್ಲ, ನಿಮ್ಮ ಡೆಸ್ಕ್‌ನೋರು ಹಾಕ್ತಾರೆ. ಆಮೇಲೆ ಹೆಗಲಿಗೆ ಟವಲ್ ಕಟ್ಕೊಂಡು ಸೂಪರ್‌ಹೀರೋ ಥರ ಫೋಟೋಕ್ಕೆ ನಿಲ್ಲಿ ಅಂತೀರಾ?”

“ರೀ, ಆ ಹುಡುಗಿಗೆ ಕಾಫಿ ಕುಡಿಯೋಕೆ ಬಿಡಿ,” ಅಂದರು ಹೆಂಡತಿ ಅನಸೂಯ. “ನಿಮ್ಮನ್ನ ಟವಲಲ್ಲಿ ನೋಡೋ ಕರ್ಮ ನಂಗೊಬ್ಬಳಿಗೇ ಸಾಕು.”

ಆಕೆ ಸಿನಿಮಾ ಮಾತೆತ್ತದೆ ಪುಟ ತಿರುವಿ, “ಇದರ ಚಿತ್ರ ಬರ್ದಿದ್ದು ಯಾರು ಸರ್?” ಎಂದಾಗಲಂತೂ ಅವರ ಅನುಮಾನ ಎರಡು ಪಟ್ಟಾಯಿತು. ಇಷ್ಟು ಸರಿಯಾದ ಪ್ರಶ್ನೆಯ ಹಿಂದೆ ಏನೋ ಇರಲೇಬೇಕು! ಆಕೆಯ ಕೈಯಲ್ಲಿದ್ದದ್ದು ‘ಸಿಡಿಲರಾಯ’: ಶಿವಾಜಿನಗರದ ಪ್ರೆಸ್ಸೊಂದು ನಲವತ್ತು ವರ್ಷದ ಹಿಂದೆ ಶುರುಮಾಡಿ, ಎಂಟೇ ಸಂಚಿಕೆಗೆ ನಿಲ್ಲಿಸಿದ ಕಾಮಿಕ್ಸ್.

“ಸಂಜೀವಪ್ಪ ಅಂತ. ಕವರ್ ಮೇಲೆ ಸಹಿ ಇದೆ ನೋಡಿ.”

“ಒಳಗಡೆ ಪುಟಾನೂ ಅವ್ರೇನಾ?”

“ಮೂವತ್ತೈದು ವರ್ಷ ತಪಾಸಣೆ ಮಾಡ್ದೋನಮ್ಮ ನಾನು.”

ಭಾನುವಾರ ಲೇಖನ ಬಂತು. ಢಿಶುಂ ಇಲ್ಲ, ಗಳಿಕೆ ಇಲ್ಲ, ಸಂಜೀವಪ್ಪನ ಹೆಸರು ಎರಡು ಸಲ ಅಚ್ಚಾಗಿತ್ತು. ಭೂತಗನ್ನಡಿ ಹಿಡಿದು ಒಂದು ಗಂಟೆ ಹುಡುಕಿದರೂ ಚೀಟಿ ಕಟ್ಟಲು ಏನೂ ಸಿಗದೆ, ಪಂಚಾಕ್ಷರಯ್ಯನವರಿಗೆ ತಿಂಡಿ ರುಚಿಸಲಿಲ್ಲ.

ಹನ್ನೊಂದಕ್ಕೆ ಫೋನ್ ಬಂತು. “ಸಾರ್, ನಾನು ನೂರುನ್ನೀಸಾ, ಶಿವಾಜಿನಗರದಿಂದ. ಪೇಪರ್ ಆಫೀಸಲ್ಲಿ ನಿಮ್ಮ ನಂಬರ್ ಕೊಟ್ರು. ಸಂಜೀವಪ್ಪನವರು ಬರ್ದಿದ್ದು ಕವರ್ ಮಾತ್ರ. ಒಳಗಿನ ಸಿಡಿಲರಾಯ ನಂದು.”

ಶುರುವಾಯಿತಲ್ಲ ಎಂದುಕೊಂಡರು. “ಪ್ರೂಫ್ ಏನಮ್ಮ?”

“ಕವರ್‌ನಲ್ಲಿ ಅವನ ಶಾಲಿನ ಗಂಟು ಬಲಭುಜದ ಮೇಲಿದೆ. ಒಳಗೆ ನೋಡಿ, ಎಡಕ್ಕಿದೆ. ನಾನು ಎಡಚಿ ಸಾರ್. ನನ್ನ ದುಪಟ್ಟಾ ಗಂಟು ಯಾವಾಗ್ಲೂ ಎಡಕ್ಕೇ ಬೀಳ್ತಿತ್ತು, ಅವನಿಗೂ ಹಾಗೇ ಕಟ್ಬಿಟ್ಟೆ. ನನ್ನ ಹೆಸರೂ ಹಾಕಿ ಅಂದ್ರೆ, ಕವರ್ ಮೇಲೆ ಒಂದು ಹೆಸರು ಇದೆಯಲ್ಲಮ್ಮ ಅಂದ್ರು ಪ್ರೆಸ್ಸಿನೋರು.”

ಆ ಗಂಟು ಪಂಚಾಕ್ಷರಯ್ಯನವರಿಗೆ ಗೊತ್ತಿತ್ತು. ಎಂಟೂ ಸಂಚಿಕೆಯಲ್ಲಿ ಅದನ್ನು ಎಂದೋ ಗಮನಿಸಿ, ‘ಚಿತ್ರಕಾರನ ಅಜಾಗರೂಕತೆ’ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ್ದರು. ಇಡೀ ಪತ್ರಿಕಾಲೋಕವನ್ನು ಅನುಮಾನಿಸಿದ ಮನುಷ್ಯ ಒಂದು ಕವರನ್ನು ನಂಬಿ ಕೆಟ್ಟಿದ್ದ.

“ತಪ್ಪು ಪೇಪರಿನೋರದ್ದಲ್ಲಮ್ಮ,” ಎಂದರು ಮೆಲ್ಲಗೆ. “ನಂದು.”

ಕೂಡಲೇ ರಮ್ಯಶ್ರೀಗೆ ಫೋನ್ ಮಾಡಿದರು. ಆ ಕಡೆಯ ದನಿಯಲ್ಲಿ ಅನುಮಾನ ತುಳುಕುತ್ತಿತ್ತು. “ಅವತ್ತು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ ಸರ್? ಈಗ ಪ್ರೂಫ್ ಇದೆಯಾ?”

“ಇದೆ. ನಾಳೆ ಅವರ ಮನೆಗೇ ಹೋಗೋಣ, ಎಂಟೂ ಸಂಚಿಕೆ ತರ್ತೀನಿ. ಅವರ ಹೆಸರು ದೊಡ್ಡದಾಗಿ ಬರ್ಬೇಕು. ನೀವೇ ಕೇಳಿ, ನಾನು ಬಾಯಿ ಬಿಡಲ್ಲ.”

“ನೀವು ಬಾಯಿ ಬಿಡಲ್ಲ ಅನ್ನೋದಕ್ಕೇನ್ರೀ ಪ್ರೂಫ್?” ಎಂದು ಅಡುಗೆಮನೆಯಿಂದ ಅನಸೂಯ ಕೇಳಿದರು.

ಪಂಚಾಕ್ಷರಯ್ಯನವರು ಲೇಖನವನ್ನು ಕತ್ತರಿಸಿ, ಕೆಂಪು ಚೀಟಿ ತೆಗೆದು, ‘ಚಿತ್ರ ಬರೆದವರ ಹೆಸರು ಇಲ್ಲ’ ಎಂದು ತುಂಬಿದರು. ‘ದೋಷಕ್ಕೆ ಹೊಣೆ’ ಎಂಬ ಸಾಲಿನಲ್ಲಿ ಪತ್ರಿಕೆಯ ಹೆಸರು ಹಾಕಿ ರೂಢಿಯಾಗಿದ್ದ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ತಮ್ಮ ಹೆಸರು ಬರೆದರು, ಇನಿಷಿಯಲ್ ಸಮೇತ.