ಪೀಪಾಯಿಯ ಮುಂದೆ ಒಂದು ಚಮಚೆ ಸಕ್ಕರೆ

ನಾನು ಸಕ್ಕರೆ ಬಿಟ್ಟು ಬಹಳ ವರ್ಷಗಳಾದವು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ಚಿಕ್ಕೋಡಿಯಲ್ಲಿ ಕಂಡಕಂಡವರೆಲ್ಲ ನನ್ನನ್ನು ತಡೆದು ನಿಲ್ಲಿಸಿ ಸಕ್ಕರೆಯ ಬಗ್ಗೆಯೇ ಕೇಳುತ್ತಿದ್ದಾರೆ. ಊರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ನನ್ನ ಮಗಳು ದೀಪಾ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ರಸದ ಸಿಹಿ ಅಳೆಯುವ ಕೆಮಿಸ್ಟ್. ಇಂಥ ನಾಡಿನಲ್ಲಿ, ಇಂಥ ಮನೆಯ ಯಜಮಾನ ಬೆಳಗೆದ್ದು ಒಂದು ಲೋಟ ಹಾಗಲಕಾಯಿ ರಸ ಕುಡಿಯುತ್ತಾನೆ. ಅದನ್ನು ಮುಖ ಕಿವುಚದೆ ಕುಡಿಯುತ್ತೇನೆ ಎಂಬುದೊಂದೇ ನನ್ನ ನಿವೃತ್ತ ಜೀವನದ ಸಾಧನೆ. ಮನೆಗೆ ಬಂದವರಿಗೆಲ್ಲ ಇದನ್ನು ಹೇಳುತ್ತಿರುತ್ತೇನೆ, ಕೆಲವರಿಗೆ ಎರಡು ಸಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಕಾಲದಿಂದಲೂ ನಾನು ಈ ಭಾಗದ ಕಾಯಂ ವ್ಯಸನಮುಕ್ತಿ ಭಾಷಣಕಾರ. ರಾಯಬಾಗದಿಂದ ಕಾಗವಾಡದವರೆಗೆ ಯಾವ ಶಾಲೆಯವರಿಗೆ ಮಕ್ಕಳನ್ನು ಬಿಸಿಲಿನಲ್ಲಿ ಕೂರಿಸುವ ಮನಸ್ಸಾದರೂ ನನಗೆ ಕರೆ ಬರುತ್ತದೆ. ಮದ್ಯದ ಹನಿಯನ್ನೂ ಮುಟ್ಟಿದವನಲ್ಲವಾದ್ದರಿಂದ ಅದರ ಬಗ್ಗೆ ಒಂದು ತಾಸು ನಿರರ್ಗಳವಾಗಿ ಮಾತನಾಡಬಲ್ಲೆ. ವಿಷಯ ತಿಳಿದಿದ್ದರೆ ಅಷ್ಟು ಹೊತ್ತು ಮಾತನಾಡಲು ಆಗುತ್ತಿರಲಿಲ್ಲ.

ಇಂಥವನ ಮುಂದೆ ಒಂದು ದಿನ ಊಟಕ್ಕೆ ಕುಳಿತಾಗ ಮಗಳು, ತಾನು ಒಬ್ಬ ಹುಡುಗನನ್ನು ಮೆಚ್ಚಿದ್ದೇನೆ ಎಂದಳು. ಹುಡುಗ ನಿಪ್ಪಾಣಿಯವನು, ಹೆಸರು ಸಂದೀಪ, ಕಾಲೇಜಿನಲ್ಲಿ ಅವಳ ಜೊತೆ ಓದಿದವನು. ಇಷ್ಟರವರೆಗೆ ನಾನು ರೊಟ್ಟಿ ಮುರಿಯುತ್ತಲೇ ಇದ್ದೆ.

"ಏನ್ ಮಾಡ್ತಾನವಾ ಹುಡುಗ?"

"ಬಿಯರ್ ಮಾಡ್ತಾನ್ರಿ ಅಪ್ಪಾ."

"ಅಂದ್ರ, ಅಂಗಡಿ ಇಟ್ಟಾನೇನ?"

"ಮಾರೂದಿಲ್ರಿ. ಮಾಡ್ತಾನ. ಗಡಿ ದಾಟಿದ ಕೂಡ್ಲೆ ಹೈವೇಕ್ಕ ಒಂದು ದೊಡ್ಡ ಹಾಟೆಲ್ ಐತಲ್ಲ, ಅಲ್ಲೇ ತಯಾರ್ ಮಾಡ್ತಾರ. ಅದರ ಜವಾಬ್ದಾರಿ ಎಲ್ಲಾ ಇವಂದ."

ನಾನು ಮನೆತನದ ಮರ್ಯಾದೆಯ ಬಗ್ಗೆ ಸಣ್ಣದೊಂದು ಭಾಷಣ ಮಾಡಿದೆ. ಅಭ್ಯಾಸವಿತ್ತು, ಸರಾಗವಾಗಿ ಬಂತು. ಸಂದೀಪನ ತಂದೆ ಬದುಕಿದ್ದಷ್ಟು ಕಾಲವೂ ತಂಬಾಕಿನ ವ್ಯಾಪಾರ ಮಾಡಿದರಂತೆ, ಅಜ್ಜನದೂ ಅದೇ ವ್ಯಾಪಾರವಂತೆ. ಆ ಬಗ್ಗೆ ನಾನು ಏನೂ ಹೇಳಲಿಲ್ಲ, ತಂಬಾಕಿನವರು ದೊಡ್ಡ ಮನೆತನದವರು. ದೀಪಾಳ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದು ಉಳಿದ ಕಾಕಂಬಿ ಟ್ಯಾಂಕರುಗಟ್ಟಲೆ ಯಾವ ಮದ್ಯದ ಭಟ್ಟಿಗೆ ಹೋಗಿ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಅದು ಉದ್ಯಮ. ಒಬ್ಬ ಹುಡುಗ ತನ್ನ ಕೈಯಾರೆ ಬಿಯರ್ ಕಾಯಿಸಿದರೆ ಮಾತ್ರ ಸಮಾಜ ಹಾಳಾಗುತ್ತದೆ. ಈ ವ್ಯತ್ಯಾಸವನ್ನು ನಾನು ಬಹಳ ಸ್ಪಷ್ಟವಾಗಿ ವಿವರಿಸಿದೆ.

ದೀಪಾ ಪೂರ್ತಿ ಕೇಳಿಸಿಕೊಂಡಳು. "ನೀವು ಒಲ್ಲೆ ಅಂದ್ರ ನಾ ಓಡಿ ಹೋಗೂದಿಲ್ರಿ ಅಪ್ಪಾ. ಬ್ಯಾರೇದವ್ರನ್ನ ಆಗೂದೂ ಇಲ್ಲ. ಖರೆ, ಒಮ್ಮೆ ಹೋಗಿ ನೋಡಿ ಒಲ್ಲೆ ಅನ್ರಿ. ನೋಡದ ಅನಬ್ಯಾಡ್ರಿ," ಎಂದು ಕೈ ತೊಳೆಯಲು ಎದ್ದಳು. ಅಂದಿನಿಂದ ಮನೆಯಲ್ಲಿ ಅವಳ ಹರಟೆ ನಿಂತಿತು. ಬೇಕಾದಷ್ಟು ಮಾತು, ಹೇಳಿದ ಕೆಲಸ, ಡ್ಯೂಟಿ, ನಿದ್ದೆ. ಜಗಳ ಮಾಡಿದ್ದರೆ ಗೆಲ್ಲುತ್ತಿದ್ದೆ. ಈ ಮೌನ ನನಗೆ ಸಹಿಸಲಾಗಲಿಲ್ಲ.

ಹೆಂಡತಿ ಶಕುಂತಲಾ ಯಾವ ಪಕ್ಷವನ್ನೂ ವಹಿಸಲಿಲ್ಲ. ಚಹಾ ತಂದಿಟ್ಟು, "ಹೋಗಿ ನೋಡಿದ್ರ ಏನ್ ಮೈಗಿ ಹತ್ತೂದಿಲ್ಲ," ಎಂದಳು, ಅಷ್ಟೆ. ಕೊನೆಗೆ ಬಾಬಣ್ಣನವರನ್ನು ಕರೆದುಕೊಂಡು ನಾನೂ ಶಕುಂತಲಾಳೂ ಹುಡುಗ ಕೆಲಸ ಮಾಡುವಲ್ಲಿಗೇ ಹೊರಟೆವು. ಬಾಬಣ್ಣ ನಮ್ಮ ಪಕ್ಕದ ಮನೆಯವರು, ಬಟ್ಟೆ ಅಂಗಡಿಯ ಜೈನರು. ಸಂಬಂಧ ಕೂಡಿಸುವುದು ಅವರ ಹವ್ಯಾಸ. ದೀಪಾಳಿಗೆಂದು ಅಥಣಿ ಕಡೆಯ ದ್ರಾಕ್ಷಿ ತೋಟದ ಸಂಬಂಧವೊಂದನ್ನು ಅವರೇ ತಂದಿದ್ದರು. ಅಲ್ಲಿ ಅಂಗಳದಲ್ಲಿ ನಿಂತಿದ್ದ ಹೊಸ ಟ್ರ್ಯಾಕ್ಟರನ್ನು ನಾವಿನ್ನೂ ಚಹಾ ಕುಡಿಯುತ್ತಿರುವಾಗಲೇ ಅವರ ನೆರೆಯವರು ಬಂದು ತಮ್ಮದೆಂದು ಒಯ್ದರು. ಆದರೂ ನನಗೆ ಆ ಮನೆಯೇ ಇಷ್ಟವಾಗಿತ್ತು, ಮರ್ಯಾದಸ್ಥರು.

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಹುಡುಗನ ಕಡೆಯವರನ್ನು ನೋಡಲು ಹೋದಾಗ ಅವಲಕ್ಕಿ ತಿನ್ನಬಹುದು, ಚಹಾ ಕುಡಿಯಬಹುದು. ಸಿಹಿಯನ್ನು ಮಾತ್ರ ಕೈಯಲ್ಲಿ ಹಿಡಿಯಬಾರದು. ಹೆಣ್ಣಿನ ತಂದೆ ಗಂಡಿನ ತಾಯಿಯ ಕೈಯಿಂದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಸಿಕೊಂಡನೆಂದರೆ ಮಾತು ಮುಗಿಯಿತು. ಸಾಖರಪುಡಾ ಎಂದು ಆಮೇಲೆ ಮಾಡುವ ನಿಶ್ಚಿತಾರ್ಥದ ದೊಡ್ಡ ಕಾರ್ಯವೆಲ್ಲ ಫೋಟೋಕ್ಕೆ. ಸಕ್ಕರೆ ತಿಂದು ಮಾತು ತಪ್ಪಿದವರ ಮನೆಗೆ ಮುಂದೆ ಯಾರೂ ಸಂಬಂಧ ಕೇಳಿಕೊಂಡು ಬರುವುದಿಲ್ಲ. ಸಕ್ಕರೆ ಬಿಟ್ಟವನಾದ್ದರಿಂದ ನನಗೆ ಈ ಅಪಾಯ ಇರಲೇ ಇಲ್ಲ. "ಒಲ್ಲೆ" ಎಂಬುದನ್ನು ಯಾವ ಮಾತಿನಲ್ಲಿ ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಿದ್ದೆ.

ನಿಪ್ಪಾಣಿ ದಾಟಿದರೆ ಗಡಿ. ಆ ಕಡೆಯವರು ಪೆಟ್ರೋಲಿಗೆ ಈ ಕಡೆ ಬರುತ್ತಾರೆ, ಈ ಕಡೆಯವರು ಗಂಟಲಿಗೆ ಆ ಕಡೆ ಹೋಗುತ್ತಾರೆ. ಎರಡು ರಾಜ್ಯಗಳ ನಡುವೆ ಇಷ್ಟು ಸೌಹಾರ್ದ ಬೇರೆ ಯಾವ ವಿಷಯದಲ್ಲೂ ಇಲ್ಲ. ನನ್ನ ತತ್ವಗಳು ಗಡಿಯ ಕಲ್ಲಿನವರೆಗೆ ನನ್ನ ಜೊತೆಗೇ ಬಂದವು. ಅಲ್ಲಿಂದ ಮುಂದೆ ಬಂದವೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ.

ಮಧ್ಯಾಹ್ನದ ಹೊತ್ತು, ಹಾಟೆಲಿನಲ್ಲಿ ಗಿರಾಕಿಗಳಿರಲಿಲ್ಲ. ಸಂದೀಪನೂ ಅವನ ತಾಯಿ ಸುಮನ್‌ತಾಯಿಯೂ ಬಾಗಿಲಲ್ಲೇ ಕಾಯುತ್ತಿದ್ದರು. ಮನೆಗೆ ಕರೆದು ಸತ್ಕರಿಸಬೇಕಿದ್ದ ಬೀಗರನ್ನು ಬಿಯರ್ ಕಾಯಿಸುವಲ್ಲಿ ಕೂರಿಸಬೇಕಾಯಿತಲ್ಲ ಎಂಬ ಸಂಕೋಚಕ್ಕೆ ಆಕೆ ಸ್ಟೀಲ್ ಡಬ್ಬಿಯ ತುಂಬ ಅವಲಕ್ಕಿ ಮಾಡಿಕೊಂಡು ಬಂದಿದ್ದರು. "ಅಹೋ ಸರ್, ನಾನೂ ಇಲ್ಲಿ ಬರಾಕತ್ತಿದ್ದು ಇದ ಪೈಲಾ ಸಲ," ಎಂದರು. ಬಾಬಣ್ಣ ತಮ್ಮ ಮನೆಯ ನೀರಿನ ಬಾಟಲಿ ಹೊರತೆಗೆದು ಮೇಜಿನ ಮೇಲಿಟ್ಟುಕೊಂಡು, "ಹೊತ್ತ ಮುಳುಗೂದ್ರಾಗ ನಾ ಮನಿ ಮುಟ್ಟಿ ಊಟಾ ಮಾಡಬೇಕ್ರಿ. ಏನ್ ನಿರ್ಣಯ ಮಾಡತೀರಿ ಲಗೂನ ಮಾಡ್ರಿ," ಎಂದು ಸಭೆಯನ್ನು ಉದ್ಘಾಟಿಸಿದರು.

ಒಳಗಿನ ತಂಪು ಕೋಣೆಯಲ್ಲಿ ಕಟ್ಟಿಗೆಯ ತೊಟ್ಟಿಲಿನಂಥ ಅಟ್ಟಣೆಯ ಮೇಲೆ ಎರಡು ಪೀಪಾಯಿಗಳು ಅಡ್ಡ ಮಲಗಿದ್ದವು. ಇವುಗಳಲ್ಲಿರುವುದು ಪೋರ್ಟರ್ ಎಂಬ ಕಪ್ಪು ಬಿಯರ್ ಎಂದು ಸಂದೀಪ ಹೇಳಿದ. ಹುರಿದ ಧಾನ್ಯವನ್ನು ಕುದಿಸಿ, ಚಿಕ್ಕಮಗಳೂರಿನ ಕಾಫಿ ನೆನೆಸಿ, ಪೀಪಾಯಿಯಲ್ಲೇ ಹದವಾಗಲು ಬಿಡುತ್ತಾರಂತೆ. ಗ್ಯಾಸು ತುಂಬಿಸುವುದಿಲ್ಲ, ಐಸಿನಷ್ಟು ತಣ್ಣಗೂ ಮಾಡುವುದಿಲ್ಲ. ನಲ್ಲಿ ತಿರುಗಿಸಿದರೆ ತಾನಾಗಿಯೇ ಇಳಿಯಬೇಕು. ಪೋರ್ಟರ್ ಎಂಬ ಹೆಸರು ಕೇಳಿದೊಡನೆ ನನ್ನೊಳಗಿನ ಇತಿಹಾಸದ ಮೇಷ್ಟ್ರು ಎಚ್ಚೆತ್ತ. ಹಿಂದೆ ಲಂಡನ್ನಿನಲ್ಲಿ ಮೂಟೆ ಹೊರುವ ಹಮಾಲರು ಇಷ್ಟಪಟ್ಟು ಕುಡಿಯುತ್ತಿದ್ದ ಬಿಯರ್ ಇದು, ಅದರಿಂದಲೇ ಈ ಹೆಸರು ಎಂದು ವಿವರಿಸಿದೆ. ನಿಪ್ಪಾಣಿಯಲ್ಲಿ ತಂಬಾಕಿನ ಮೂಟೆ ಹೊರುವ ಹಮಾಲರು ಕಪ್ಪಿನ ಬಶಿಯಲ್ಲಿ ಚಹಾ ಕುಡಿಯುತ್ತಾರೆ, ಅದಕ್ಕೆ ಯಾರೂ ಹಮಾಲ ಎಂದು ಹೆಸರಿಟ್ಟು ಗಾಜಿನ ಲೋಟದಲ್ಲಿ ಮಾರುವುದಿಲ್ಲ ಎಂದೂ ಸೇರಿಸಿದೆ. ಶಕುಂತಲಾ ಅವಲಕ್ಕಿಯಲ್ಲಿನ ಶೇಂಗಾ ಆರಿಸುತ್ತಿದ್ದಳು.

ನಿಜ ಹೇಳಬೇಕೆಂದರೆ ನನಗೆ ಬಿಯರಿಗಿಂತ ಕಾಫಿಯ ಮೇಲೇ ಹೆಚ್ಚು ಅನುಮಾನ. ನಮ್ಮದು ಚಹಾದ ಸೀಮೆ. ಕಾಫಿ ಎಂದರೆ ನಮ್ಮಲ್ಲಿ ಮದುವೆಯ ದಿನ ಯಂತ್ರವೊಂದು ಬುಸ್ಸೆಂದು ನೊರೆ ಉಗುಳಿ ಬೀಗರಿಗೆ ಕೊಡುವ ಬಿಸಿನೀರು. ಆ ದಕ್ಷಿಣದವರ ಪಾನೀಯವನ್ನು ಈ ಇಂಗ್ಲಿಷರ ಪಾನೀಯದಲ್ಲಿ ಬೆರೆಸಿ, ನನ್ನ ಮಗಳ ಭವಿಷ್ಯವನ್ನು ಅದರಲ್ಲಿ ನೆನೆಹಾಕಿದ್ದಾರೆ ಎನಿಸಿತು.

ಸಂದೀಪ ಮೊದಲ ಪೀಪಾಯಿಯಿಂದ ಅರ್ಧ ಲೋಟ ಇಳಿಸಿದ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ಮೂಸಿ ನೋಡಿದ, ಒಂದು ಗುಟುಕು ಬಾಯಲ್ಲಿ ಆಡಿಸಿ ಮೋರಿಗೆ ಉಗುಳಿದ, ಲೋಟದಲ್ಲಿದ್ದುದನ್ನೂ ಚೆಲ್ಲಿದ. ಆಮೇಲೆ ಸೀಮೆಸುಣ್ಣ ತೆಗೆದು ಪೀಪಾಯಿಯ ಮುಖದ ಮೇಲೆ ಬೇಡವೆಂಬಂತೆ ದೊಡ್ಡದೊಂದು ಕಾಟು ಎಳೆದ.

"ಇದು ಸ್ವಲ್ಪ ಹುಳಿ ಹಿಡದೈತ್ರಿ ಸರ್. ಕೊಡಾಕ ಬರೂದಿಲ್ಲ," ಎಂದ.

ಸುಮನ್‌ತಾಯಿಯ ಮುಖ ಬಾಡಿತು. ಹೆಣ್ಣಿನವರು ನೋಡಲು ಬಂದ ದಿನವೇ ಮಗ ತನ್ನ ಕೆಲಸ ಕೆಟ್ಟಿದೆಯೆಂದು ತಾನೇ ಸಾರಿದರೆ ತಾಯಿಗೆ ಹೇಗಾಗಬೇಡ? ನಾನು ಅವನಿಗೆ ತಪ್ಪಿಸಿಕೊಳ್ಳುವ ದಾರಿ ತೋರಿಸಿದೆ. "ನಾವೇನ್ ಕುಡಿಯೂ ಮಂದಿ ಅಲ್ಲ. ಅದನ್ನ ಕೊಟ್ಟಿದ್ರೂ ನಮಗ ಗೊತ್ತಾಗ್ತಿರಲಿಲ್ಲ ಬಿಡಪಾ."

"ನನಗ ಗೊತ್ತಾತಲ್ರಿ," ಎಂದ ಹುಡುಗ. ಜಂಬದಿಂದ ಹೇಳಲಿಲ್ಲ. ಸ್ವಲ್ಪ ಬೇಜಾರಿನಲ್ಲೇ ಹೇಳಿ, ಎರಡನೆಯ ಪೀಪಾಯಿಯತ್ತ ಹೋದ.

ನನಗೆ ಅಥಣಿಯ ಟ್ರ್ಯಾಕ್ಟರ್ ನೆನಪಾಯಿತು. ನನ್ನ ಭಾಷಣವೂ ನೆನಪಾಯಿತು. ಅದು ಹುಳಿ ಹಿಡಿದು ಎಷ್ಟು ಕಾಲವಾಗಿದೆಯೋ, ಒಂದು ಕಾಟು ಎಳೆಯದೆ ಊರೂರಿಗೆ ಬಡಿಸುತ್ತಲೇ ಬಂದಿದ್ದೇನೆ. ಆ ಹುಡುಗ ಎರಡನೆಯ ಪೀಪಾಯಿಯ ನಲ್ಲಿ ತಿರುಗಿಸಿ ಲೋಟ ತುಂಬತೊಡಗಿದ. ಇದೂ ಕೆಟ್ಟಿದ್ದರೆ ಇದಕ್ಕೂ ಕಾಟು ಎಳೆಯುತ್ತಾನೆ, ಆಮೇಲೆ ನನಗೆ ಕೊಡಲು ಅವನ ಹತ್ತಿರ ಏನೂ ಉಳಿಯುವುದಿಲ್ಲ. ನನಗೇ ಗೊತ್ತಿಲ್ಲದಂತೆ, ಇದೊಂದು ಕೆಡದಿರಲಿ ಎಂದು ಬೇಡಿಕೊಂಡೆ. ವ್ಯಸನಮುಕ್ತಿಯ ಭಾಷಣಕಾರನೊಬ್ಬ ಬಿಯರಿನ ಕ್ಷೇಮಕ್ಕಾಗಿ ದೇವರನ್ನು ನೆನೆದದ್ದು ಗಡಿಯ ಎರಡೂ ಕಡೆ ಅದೇ ಮೊದಲಿರಬೇಕು.

ಅವನು ಮೂಸಿದ, ರುಚಿ ನೋಡಿದ, ತಲೆ ಆಡಿಸಿ ಬೇರೊಂದು ಲೋಟ ತುಂಬಿ ನನಗೆ ಕೊಟ್ಟ. ಮೇಲೆ ಬೆರಳಿನಷ್ಟು ಕಂದು ನೊರೆ. ಮೊದಲು ಸಿಕ್ಕಿದ್ದು ಹಂಚಿನ ಮೇಲೆ ಸೀದ ರೊಟ್ಟಿಯಂಚಿನ ರುಚಿ. ಅದರ ಹಿಂದೆ ಕಾಫಿ, ಯಂತ್ರ ಉಗುಳುವಂಥದ್ದಲ್ಲ, ಆಗಷ್ಟೇ ಹುರಿದದ್ದು. ನುಂಗಿದ ಮೇಲೆ, ಗಾಣದ ಮನೆಯಲ್ಲಿ ಕೊಪ್ಪರಿಗೆಯ ತಳಕ್ಕೆ ಹತ್ತಿದ ಬೆಲ್ಲದ ವಾಸನೆ ಎಲ್ಲಿಂದಲೋ ಬಂತು. ಇಷ್ಟು ವರ್ಷ ಸಕ್ಕರೆ ಬಿಟ್ಟವನ ನಾಲಿಗೆ ಅದನ್ನು ಕೂಡಲೇ ಗುರುತಿಸಿತು. ಎರಡನೆಯ ಗುಟುಕು ಪರೀಕ್ಷೆಗೆಂದು ಕುಡಿದೆ. ಮೂರನೆಯದಕ್ಕೆ ನನ್ನ ಬಳಿ ಕಾರಣವಿಲ್ಲ.

"ಹೆಂಗೈತ್ರಿ?" ಬಾಬಣ್ಣ ಕಿಟಕಿಯಾಚೆ ಸೂರ್ಯನನ್ನು ನೋಡುತ್ತ ಕೇಳಿದರು.

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತು ನಾಲಿಗೆಯ ತುದಿಗೆ ಬಂತು. ಹೊರಬಿದ್ದದ್ದು ಬೇರೆ. "ಕಹಿ ಭಾಳ ಐತಿ. ಸ್ವಲ್ಪ ಸಕ್ಕರಿ ಸಿಗತೈತೇನ್ರಿ?" ಎಂದೆ.

ಸಂದೀಪ ಅಡಿಗೆಮನೆಯ ಕಡೆ ತಿರುಗುವಷ್ಟರಲ್ಲಿ ಸುಮನ್‌ತಾಯಿ ಪರ್ಸಿನೊಳಗಿಂದ ಪುಟ್ಟದೊಂದು ಬೆಳ್ಳಿಯ ಕರಡಿಗೆ ತೆಗೆದಿದ್ದರು. ಈ ಮಾತು ಶುರುವಾದಂದಿನಿಂದ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದರೆಂದು ಆಮೇಲೆ ತಿಳಿಯಿತು. ನಾನು ಲೋಟ ಮುಂದೆ ಮಾಡಿದೆ. ಆಕೆ ಅವಲಕ್ಕಿಯ ಚಮಚೆಯನ್ನೇ ಒರೆಸಿ, ಸಕ್ಕರೆ ತುಂಬಿ, ಲೋಟವನ್ನು ದಾಟಿ ನೇರವಾಗಿ ನನ್ನ ಬಾಯಿಯ ಬಳಿ ತಂದರು.

"ಬೀಗ್ರ, ಬಾಯಿ ತಗೀರಿ."

ನಾನು ಬಾಯಿ ತೆರೆದೆ.

ಬಾಬಣ್ಣ ಮೇಜು ತಟ್ಟಿ, "ಸಕ್ಕರಿ ತಿಂದ್ರು, ಮುಗೀತು. ನಡೀರಿ, ಹೊತ್ತಾತು," ಎಂದರು. ಸುಮನ್‌ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂದೀಪ ನನ್ನ ಕಾಲು ಮುಟ್ಟಿ, ಅಲ್ಲಿಯವರೆಗೆ ಸರ್ ಎನ್ನುತ್ತಿದ್ದವನು, "ಮಾಮಾ, ನೀರ್ ಕೊಡ್ಲೇನ್ರಿ?" ಎಂದ. ಶಕುಂತಲಾ ಕಾರ್ಖಾನೆಯಲ್ಲಿದ್ದ ಮಗಳಿಗೆ ಫೋನ್ ಹಚ್ಚಿ ನನ್ನ ಕಿವಿಗಿಟ್ಟಳು. ಯಂತ್ರಗಳ ಸದ್ದಿನ ನಡುವೆ ದೀಪಾ, "ಅಪ್ಪಾ, ಖರೇನ್ರಿ?" ಎಂದಳು. ಆಮೇಲೆ ಬಹಳ ದಿನಗಳಿಂದ ಕೂಡಿಟ್ಟ ಹರಟೆಯನ್ನೆಲ್ಲ ಒಮ್ಮೆಲೇ ಶುರು ಮಾಡಿದಳು. ನನಗೆ ಒಂದು ಮಾತೂ ಕೇಳಿಸಲಿಲ್ಲ, ಬಹಳ ಸಂತೋಷವಾಯಿತು.

ಅಂದಿನಿಂದ ಊರಲ್ಲಿ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಪೋರ್ಟರ್ ವಿಪರೀತ ಕಹಿಯಿತ್ತು, ಸಕ್ಕರೆ ಕೇಳಿದೆ, ಮೋಸ ಹೋದೆ. ಒಳ್ಳೆಯ ಕೆಲಸ ಮಾಡುವಾಗ ಇಂಥದ್ದೊಂದು ಸಮಜಾಯಿಷಿ ಕೈಯಲ್ಲಿದ್ದರೆ ವಾಸಿ. ಹಳೆಯ ಭಾಷಣಗಳಿಗೆ ಜವಾಬು ಕೊಡುವುದು ತಪ್ಪುತ್ತದೆ.

ಊರೆಲ್ಲ ನಂಬಿದೆ. ಆದರೆ ಅಂದು ಮರಳುವಾಗ ಕಾರು ನಿಪ್ಪಾಣಿ ದಾಟಿ, ಮುಂದಿನ ಸೀಟಿನಲ್ಲಿ ಬಾಬಣ್ಣ ಸೂರ್ಯನನ್ನು ಕಾಯುತ್ತ ಕುಳಿತಿದ್ದಾಗ, ಶಕುಂತಲಾ ಮೆಲ್ಲಗೆ ಕೇಳಿದಳು.

"ದಿನಾ ಮುಂಜಾನೆ ಹಾಗಲಕಾಯಿ ರಸಾ ಮಾರಿ ಕಿವಚದ ಕುಡಿಯೂ ಮನಷ್ಯಾ, ಇವತ್ತ ಸಕ್ಕರಿ ಬೇಡಿದ್ರಿ?"

"ಆ ಕಹೀನ ಬ್ಯಾರೆ. ಕುಡದವ್ರಿಗೆ ಗೊತ್ತು," ಎಂದೆ.

ಅವಳು ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಸೆರಗು ಸರಿಮಾಡಿಕೊಂಡಳು.

"ನೀವು ಫೋನಿನ್ಯಾಗ ಇದ್ದಾಗ ನಿಮ್ಮ ಲೋಟದಾಗಿಂದು ಒಂದ ಗುಟಕ ನಾನೂ ನೋಡೇನ್ರಿ," ಎಂದಳು. "ಅಷ್ಟೇನ್ ಕಹಿ ಇರಲಿಲ್ಲ ಬಿಡ್ರಿ."